ಹತ್ತರಲ್ಲೊಂದು ಪಾಲು: ಹೊರೆಕಾಣಿಕೆಯಿಂದ ಎಡಿಸನ್‌ವರೆಗೆ

ಸಂಬಳ ಕೈಗೆ ಬಂದ ದಿನ ಗಲ್ಫಿನಲ್ಲಿರುವ ನಾವು ಹಾಕುವ ಲೆಕ್ಕ ಬಹುಮಟ್ಟಿಗೆ ಒಂದೇ. ಮನೆಗೆ ಇಷ್ಟು, ಸಾಲದ ಕಂತಿಗೆ ಇಷ್ಟು, ರೂಮು ಬಾಡಿಗೆಗೆ, ಮೆಸ್ಸಿಗೆ ಇಷ್ಟು. ಇದರ ನಡುವೆ ದೇವರ ಪಾಲೊಂದನ್ನು ತೆಗೆದಿಡುವುದನ್ನೂ ಮರೆಯುವುದಿಲ್ಲ. ಅರಿಸಿನ ಬಟ್ಟೆಯಲ್ಲಿ ಕಟ್ಟಿದ ತಿಮ್ಮಪ್ಪನ ಮುಡಿಪು, ದರ್ಗಾಕ್ಕೆ ಹೇಳಿಕೊಂಡ ಹರಕೆ, ಇಗರ್ಜಿಯ ಕಾಣಿಕೆ – ಹೆಸರು ಬೇರೆಬೇರೆ, ಅಷ್ಟೇ. ಈ ಪಾಲಿನ ಹಿಂದೆ ಸಾವಿರಾರು ವರ್ಷಗಳ ಇತಿಹಾಸವಿದೆ.

ಯುದ್ಧ ಗೆದ್ದು ಮರಳುತ್ತಿದ್ದ ಅಬ್ರಹಾಮನು ಅರಸನೂ ಯಾಜಕನೂ ಆಗಿದ್ದ ಮೆಲ್ಕಿಜೆದೇಕನಿಗೆ ಹತ್ತರಲ್ಲೊಂದು ಪಾಲು ಕೊಟ್ಟನೆಂದು ಬೈಬಲಿನ ಆದಿಕಾಂಡ ಹೇಳುತ್ತದೆ. ಮುಂದೆ ಬೆಳೆ ಮತ್ತು ದನಕುರಿಗಳ ದಶಮಾಂಶವು, ಸ್ವಂತ ಭೂಮಿಯ ಪಾಲಿಲ್ಲದೆ ದೇವಸೇವೆಗೆ ನಿಂತ ಲೇವಿಯರಿಗೆ ಸೇರತೊಡಗಿತು. ಮೂರು ವರ್ಷಕ್ಕೊಮ್ಮೆ ಆ ಪಾಲಿನಲ್ಲಿ ಅನಾಥರಿಗೆ, ವಿಧವೆಯರಿಗೆ, ಪರದೇಶಿಗಳಿಗೂ ಉಣ್ಣುವ ಹಕ್ಕಿತ್ತು. ಪರದೇಶಿ ಎಂಬ ಮಾತು ನಮ್ಮ ಕಿವಿಗೆ ಬೀಳದೆ ಇರದು!

ನಾವಿರುವ ನಾಡಿನ ಜಕಾತ್ ನಮಗೆಲ್ಲ ಗೊತ್ತು. ನಿಗದಿತ ಮಿತಿ ದಾಟಿ ವರ್ಷವಿಡೀ ಉಳಿದ ಹಣದ ಮೇಲೆ ಶೇಕಡಾ 2.5. ಬೆಳೆಯ ಮೇಲಿನ ಪಾಲಿಗೆ ಉಶ್ರ್ ಎಂದು ಹೆಸರು. ಅದರ ಅರ್ಥವೇ ಹತ್ತನೆಯ ಭಾಗ. ಮಳೆ ನೀರಿನಲ್ಲಿ ಬೆಳೆದರೆ ಹತ್ತರಲ್ಲೊಂದು. ರೈತ ದುಡಿದು ನೀರೆತ್ತಿ ಬೆಳೆದರೆ ಇಪ್ಪತ್ತರಲ್ಲೊಂದು. ಬೆವರು ಹೆಚ್ಚು ಸುರಿಸಿದವನಿಗೆ ಹೊರೆ ಕಡಿಮೆ.

ಯುರೋಪಿನಲ್ಲಿ ಮಾತ್ರ ಈ ಪಾಲು ಕಾನೂನಿನ ಬಲದ ತೆರಿಗೆಯಾಯಿತು. ಮನಸ್ಸಿದ್ದರೂ ಇಲ್ಲದಿದ್ದರೂ ರೈತ ಕೊಡಲೇಬೇಕಿತ್ತು. ಫ್ರಾನ್ಸ್ ಅದನ್ನು 1789ರ ಕ್ರಾಂತಿಯಲ್ಲಿ ಕಿತ್ತುಹಾಕಿತು. ಇಂಗ್ಲೆಂಡ್ 1836ರ ಕಾಯ್ದೆಯಿಂದ ಧಾನ್ಯದ ಪಾಲನ್ನು ಹಣಕ್ಕೆ ಬದಲಿಸಿತು. ಅದಕ್ಕೂ ಮೊದಲೇ, 1776ರ ಜುಲೈ 2ರಂದು, ಅಮೆರಿಕದ ನ್ಯೂಜೆರ್ಸಿ ತನ್ನ ಮೊದಲ ಸಂವಿಧಾನದಲ್ಲಿ ಒಂದು ಮಾತು ಬರೆದುಕೊಂಡಿತು. ತನ್ನ ನಂಬಿಕೆಗೆ ವಿರುದ್ಧವಾಗಿ ಯಾವ ಪೂಜಾಸ್ಥಳಕ್ಕೂ, ಯಾವ ಪಾದ್ರಿಗೂ ದಶಮಾಂಶ ಕೊಡುವಂತೆ ಯಾರನ್ನೂ ಬಲವಂತಪಡಿಸುವಂತಿಲ್ಲ. ತಾನಾಗಿ ಮನಃಪೂರ್ವಕ ಒಪ್ಪಿಕೊಂಡದ್ದಾದರೆ ಆ ಮಾತು ಬೇರೆ. ಈಗಿನ 1947ರ ಸಂವಿಧಾನದಲ್ಲೂ ಆ ಮಾತು ಉಳಿದಿದೆ.

ಇದನ್ನು ಓದಿದಾಗ ನಮಗೆ ನೆನಪಾಗುವುದು ನಮ್ಮ ಹರಕೆ. ಹರಕೆ ಹೊರು ಎಂದು ಯಾರೂ ಒತ್ತಾಯಿಸುವುದಿಲ್ಲ. ಹೊತ್ತ ಮೇಲೆ ತೀರಿಸದೆ ಬಿಡುವಂತಿಲ್ಲ.

ಕನ್ನಡ ನಾಡಿನಲ್ಲಿ ಅರಸರು ಭೂಮಿ ದತ್ತಿ ಬಿಟ್ಟರೆ, ವರ್ತಕರು ಸರಕಿನ ಲೆಕ್ಕದಲ್ಲಿ ಕೊಟ್ಟರು. ಐಹೊಳೆ ಮೂಲದ ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ಹೇರಿಗೆ ಇಷ್ಟೆಂದು ದೇವಾಲಯಕ್ಕೆ ಬಿಟ್ಟುಕೊಟ್ಟದ್ದು ಶಾಸನಗಳಲ್ಲಿದೆ. ಬೆಳಗಾವಿಯಲ್ಲಿ 1204ರಲ್ಲಿ ರಟ್ಟ ಜಿನಾಲಯಕ್ಕೆ ಹೀಗೆ ಕೊಟ್ಟವರಲ್ಲಿ ಲಾಟ ದೇಶದ, ಮಲೆಯಾಳದ ವರ್ತಕರೂ ಇದ್ದರು. ದುಡಿಯಲು ಬಂದ ಊರಿಗೂ ಒಂದು ಪಾಲು ಕೊಡಬೇಕೆಂದು ಅವರಿಗೆ ತಿಳಿದಿತ್ತು. ಅದಕ್ಕೂ ಮುನ್ನ, 12ನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣ ಮತ್ತು ಶರಣರು ಕಾಯಕದ ಜೊತೆಗೆ ದಾಸೋಹವನ್ನು ಇಟ್ಟಿದ್ದರು. ಅಲ್ಲಿ ಹತ್ತರ ಲೆಕ್ಕವೇ ಇಲ್ಲ. ಸತ್ಯವಾಗಿ ದುಡಿಯಬೇಕು, ಹಂಚಿಕೊಂಡು ಉಣ್ಣಬೇಕು.

ಕರಾವಳಿಯವರಿಗೆ ಹೊರೆಕಾಣಿಕೆ ಗೊತ್ತು. ಉಡುಪಿಯ ಪರ್ಯಾಯ ಸಮೀಪಿಸಿದಂತೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ತರಕಾರಿಗಳ ಹೊರೆ ಊರೂರಿಂದ ಮೆರವಣಿಗೆಯಲ್ಲಿ ಬರುತ್ತದೆ. ಹಿಂದೆ ಮಠ, ದೇವಸ್ಥಾನಗಳಿಗೆ ಒಕ್ಕಲುಗಳಿಂದ ಗೇಣಿ ಅಕ್ಕಿ ಬರುತ್ತಿತ್ತು. 1974ರ ಭೂಸುಧಾರಣೆಯಿಂದ ಗೇಣಿ ನಿಂತಿತು, ಭೂಮಿ ಉಳುವವನದಾಯಿತು. ಗೇಣಿ ಕೊಡಲೇಬೇಕಾದದ್ದು; ಹೊರೆಕಾಣಿಕೆ ತಾನಾಗಿ ತಂದದ್ದು. ಮೊದಲನೆಯದು ನಿಂತರೂ ಎರಡನೆಯದು ನಿಲ್ಲಲಿಲ್ಲ.

ಇದೇ ಉಡುಪಿಯ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನ ನ್ಯೂಜೆರ್ಸಿಯ ಎಡಿಸನ್‌ನಲ್ಲಿದೆ. ಹಿಂದೆ ರಾರಿಟನ್ ಎನಿಸಿದ್ದ ಆ ಟೌನ್‌ಶಿಪ್‌ಗೆ ವಿಜ್ಞಾನಿ ಥಾಮಸ್ ಎಡಿಸನ್ ಹೆಸರು ಬಂದದ್ದು 1954ರಲ್ಲಿ. ಅಲ್ಲಿ ಗೇಣಿಯೂ ಇಲ್ಲ, ಅರಸರ ದತ್ತಿಯೂ ಇಲ್ಲ. ದೀಪ ಉರಿಯುವುದು ಭಕ್ತರು ತಾವಾಗಿ ಕೊಡುವುದರಿಂದ. 1776ರ ಆ ಮಾತೂ ನಮ್ಮ ಹೊರೆಕಾಣಿಕೆಯೂ ಒಂದೇ ಊರಿನಲ್ಲಿ ಭೇಟಿಯಾದದ್ದು ಹೀಗೆ.

ಹಾಗಾದರೆ ನಮ್ಮ ಪಾಲು ಎಷ್ಟು? ಊರಿನ ಜೀರ್ಣೋದ್ಧಾರಕ್ಕೆ "ಗಲ್ಫಿನವರು" ಎಂದು ದೊಡ್ಡ ಮೊತ್ತ ಬರೆಸಿಕೊಳ್ಳುವುದುಂಟು. ಗ್ರಾನೈಟಿನ ಮೇಲೆ ಹೆಸರು ಬರಲೆಂದು ಸಾಲ ಮಾಡಿ ಕೊಟ್ಟವರೂ ನಮ್ಮಲ್ಲಿದ್ದಾರೆ. ಅದು ಕಾಣಿಕೆಯಲ್ಲ, ಮತ್ತೆ ತೆರಿಗೆಯೇ. ಮನಸ್ಸು ಒಪ್ಪಿದಷ್ಟು, ಕೈಲಾದಷ್ಟು ಕೊಡೋಣ. ಆಗದಿದ್ದರೆ ನಾಚದೆ ಆಗದೆನ್ನೋಣ. ಕೊಡುವಾಗ, ಮೂರು ತಿಂಗಳಿಂದ ಸಂಬಳವಿಲ್ಲದ ಪಕ್ಕದ ಮಂಚದ ಗೆಳೆಯನನ್ನೂ ಲೆಕ್ಕಕ್ಕೆ ಹಿಡಿಯೋಣ. ಪರದೇಶಿಯ ಪಾಲು ಹಳೆಯ ಗ್ರಂಥದಲ್ಲೇ ಇದೆಯಲ್ಲ!