ಎದಿ ತೆಗೆದ ಮ್ಯಾಲೆ ಏನು? ಎಂಟು ಕ್ಯಾಪ್ಷನ್‌ನಾಗ ಒಂದು ಇತಿಹಾಸ

1/8

ಈ ಸಲದ ಸರಣಿ ಕೋಟೆ, ಗುಂಬಜ್, ಬಿದರಿ ಕೆಲಸದ ಮ್ಯಾಲೆ ಅಲ್ಲ. ಸ್ತನ ಕ್ಯಾನ್ಸರ್ ಆಪರೇಷನ್ ಆದ ಮ್ಯಾಲೆ ಹೆಣ್ಣುಮಕ್ಕಳು ಹೆಂಗ ಎದ್ದು ನಿಂತರು, ಅದರ ಇತಿಹಾಸ ಇದು.

ಹುಡುಗರೇ, ಇದು ಹುಡುಗೇರ ವಿಷಯ ಅಂತ ಸ್ಕ್ರೋಲ್ ಮಾಡಿ ಹೋಗಬ್ಯಾಡ್ರಿ. ಮನೀಗೆ ಅಂಥ ರಿಪೋರ್ಟ್ ಬಂದ ದಿನ ಆಟೋ ಕರಿಯೋರು, ಬಿಲ್ ಕೌಂಟರ್‌ನಾಗ ನಿಲ್ಲೋರು, ಇನ್ಶೂರೆನ್ಸ್ ಫಾರ್ಮ್ ತುಂಬೋರು ನಾವೇ ಇರ್ತೀವಿ.

ಮೊದಲು ಮೂರು ಶಬ್ದ ತಿಳ್ಕೊಳ್ರಿ. ಮಸ್ಟೆಕ್ಟಮಿ ಅಂದ್ರ ಸ್ತನವನ್ನು ಪೂರ್ತಿ ತೆಗೆಯುವ ಆಪರೇಷನ್. ರಿಕನ್‌ಸ್ಟ್ರಕ್ಷನ್ ಅಂದ್ರ ಆ ಜಾಗದಲ್ಲಿ ಮತ್ತೆ ಆಕಾರ ಕಟ್ಟುವುದು. ಇಂಪ್ಲಾಂಟ್ ಅಂದ್ರ ಅದಕ್ಕೆ ಒಳಗೆ ಇಡುವ ಸಿಲಿಕೋನ್ ಚೀಲ, ಒಳಗೆ ಜೆಲ್ ಇಲ್ಲವೇ ಉಪ್ಪುನೀರು ಇರ್ತದ.

ವೈದ್ಯಕೀಯ ಇತಿಹಾಸದ ಪುಸ್ತಕಗಳಲ್ಲಿ ಚಾಕು ಹಿಡಿದವರ ಹೆಸರು ದೊಡ್ಡ ಅಕ್ಷರದಾಗ ಇರ್ತದ. ಹೊಲಿಗೆ ಬಿಚ್ಚಿದ ಮರುದಿನದಿಂದ ಏನಾಯ್ತು ಅನ್ನೋದು ಸಣ್ಣ ಅಕ್ಷರದಾಗ. ಈ ಸರಣಿ ಆ ಸಣ್ಣ ಅಕ್ಷರ ಓದೋದಕ್ಕ. ಮುಂದಕ್ಕ ಬರ್ರಿ 👉

2/8

1804ರ ಅಕ್ಟೋಬರ್ 13, ಜಪಾನ್. ಹನಾಒಕಾ ಸೈಶು ಎಂಬ ವೈದ್ಯರು 60 ವರ್ಷದ ಒಬ್ಬ ಮಹಿಳೆಗೆ ಔಷಧಿ ಕುಡಿಸಿ, ಪೂರ್ತಿ ಮಂಪರು ಬರಿಸಿ, ಸ್ತನದ ಗಂಟನ್ನು ತೆಗೆದರು. ಪೂರ್ತಿ ಅರಿವಳಿಕೆ ಕೊಟ್ಟು ಮಾಡಿದ ಆಪರೇಷನ್‌ಗಳಲ್ಲಿ ಖಚಿತ ದಾಖಲೆ ಇರುವ ಮೊದಲನೆಯದು ಇದೇ ಅಂತ ಹೇಳ್ತಾರ. ಆ ಔಷಧಿಯ ಮುಖ್ಯ ವಸ್ತು ಏನು ಗೊತ್ತೇನು? ದತ್ತೂರಿ. ನಮ್ಮ ಕಡೆ ರಸ್ತೆ ಬದಿಗೆ ಬೆಳೀತದಲ್ಲ, ಅದೇ ಜಾತಿ ಗಿಡ. (ಮನ್ಯಾಗ ಪ್ರಯೋಗ ಮಾಡಬ್ಯಾಡ್ರಿ, ಅದು ವಿಷ.)

ಆ ಕಾಲದಲ್ಲಿ ಜಪಾನ್ ಹೊರಗಿನವರಿಗೆ ಹೆಚ್ಚುಕಡಿಮೆ ಬಾಗಿಲು ಹಾಕಿಕೊಂಡಿತ್ತು. ಹಿಂಗಾಗಿ ಸುದ್ದಿ ಯುರೋಪಿಗೆ ಮುಟ್ಟಲಿಲ್ಲ.

ಏಳು ವರ್ಷದ ನಂತರ, 1811ರ ಸೆಪ್ಟೆಂಬರ್ 30ರಂದು, ಪ್ಯಾರಿಸ್‌ನಲ್ಲಿ ಇಂಗ್ಲಿಷ್ ಕಾದಂಬರಿಕಾರ್ತಿ ಫ್ಯಾನಿ ಬರ್ನಿಗೆ ಮಸ್ಟೆಕ್ಟಮಿ ಆಯಿತು. ಮಾಡಿದವರು ನೆಪೋಲಿಯನ್ ಸೈನ್ಯದ ದೊಡ್ಡ ಸರ್ಜನ್ ಲಾರೆ. ಆಕೆಗೆ ಕೊಟ್ಟದ್ದು ಒಂದಿಷ್ಟು ಮದ್ಯದ ಪಾನೀಯ, ಮುಖದ ಮೇಲೆ ಒಂದು ತೆಳು ಬಟ್ಟೆ. ಅಷ್ಟೇ. ಆಕೆ ಎಚ್ಚರದಲ್ಲೇ ಇದ್ದಳು.

ಆಮೇಲೆ ಆಕೆ ಅಕ್ಕನಿಗೆ ಪತ್ರ ಬರೆದಳು. ಆ ಪತ್ರ ಮುಗಿಸೋಕೆ ತಿಂಗಳುಗಟ್ಟಲೆ ಹಿಡಿಯಿತು, ಯಾಕಂದ್ರ ನೆನಪು ಮಾಡಿಕೊಂಡರೇ ತಲಿನೋವು ಬರ್ತಿತ್ತು. ಬರ್ನಿ ಮುಂದೆ 28 ವರ್ಷಕ್ಕೂ ಹೆಚ್ಚು ಬದುಕಿದಳು. ದೇಹದ ಗಾಯ ಮೊದಲು ಮಾಯಿತು, ಮನಸ್ಸಿನದು ತಡವಾಗಿ. ಇದನ್ನು ರೋಗಿಯೇ ಸ್ವಂತ ಕೈಲೆ ಬರೆದಿಟ್ಟದ್ದು ದೊಡ್ಡ ಮಾತು.

3/8

ಈಗ ನಮ್ಮ ಕಡೆ ಬರೋಣ. ಬೀದರ್, ಭಾಲ್ಕಿ, ಔರಾದ್ ಎಲ್ಲಾ ಆವಾಗ ನಿಜಾಮನ ಹೈದರಾಬಾದ್ ಸಂಸ್ಥಾನದಾಗ ಇದ್ದವು. ಪಶ್ಚಿಮದಲ್ಲಿ 1846ಕ್ಕೆ ಈಥರ್, 1847ಕ್ಕೆ ಕ್ಲೋರೋಫಾರ್ಮ್ ಬಂದಿತ್ತು. ಆದರ ಕ್ಲೋರೋಫಾರ್ಮ್ ಕೊಟ್ಟಾಗ ಕೆಲವು ರೋಗಿಗಳು ಟೇಬಲ್ ಮೇಲೇ ಸಾಯುತ್ತಿದ್ದರು. ನಿಲ್ಲೋದು ಉಸಿರಾ, ಹೃದಯಾ? ಯುರೋಪಿನಲ್ಲಿ ಇದರ ಮೇಲೆ ದೊಡ್ಡ ಜಗಳ.

ಆ ಜಗಳದ ತನಿಖೆ ನಡೆದದ್ದು ಹೈದರಾಬಾದಿನಲ್ಲಿ! 1888 ಮತ್ತು 1889ರಲ್ಲಿ, ಸರ್ಜನ್ ಎಡ್ವರ್ಡ್ ಲಾರಿ ಮುಂದಾಳತ್ವದಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗ ಕೂತವು. ಎರಡನೆಯದಕ್ಕೆ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ತನ್ನ ಪ್ರತಿನಿಧಿಯಾಗಿ ಲಾಡರ್ ಬ್ರಂಟನ್ ಅವರನ್ನು ಕಳಿಸಿತು. ಹಣ ಕೊಟ್ಟವರು ಆರನೇ ನಿಜಾಮ ಮಹಬೂಬ್ ಅಲಿ ಖಾನ್. ಅಲ್ಲಿ ಕಲಿತು ಕೆಲಸ ಮಾಡಿದ ರೂಪಾಬಾಯಿ ಫರ್ದೂನ್‌ಜಿ ಅವರನ್ನು ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಒಬ್ಬರು ಅಂತ ಎಣಿಸ್ತಾರ.

ಆಯೋಗ ಹೇಳಿದ್ದು, ತಪ್ಪು ಹೃದಯದ್ದಲ್ಲ, ಉಸಿರಿನ ಮೇಲೆ ನಿಗಾ ಇಡ್ರಿ ಅಂತ. ಮುಂದೆ ಹೃದಯವೂ ನೇರವಾಗಿ ನಿಲ್ಲಬಹುದು ಅಂತ ಸಾಬೀತಾಯ್ತು. ಅಂದ್ರ ತೀರ್ಮಾನ ಪೂರ್ತಿ ಸರಿ ಇರಲಿಲ್ಲ. ಆದರ ಮಂಪರಿನಲ್ಲಿ ಇರುವ ರೋಗಿಯ ಉಸಿರು ಎಣಿಸುತ್ತಾ ಪಕ್ಕದಲ್ಲಿ ಒಬ್ಬರು ಕೂತಿರಲೇಬೇಕು ಅನ್ನೋ ಶಿಸ್ತಿಗೆ ಬಲ ಬಂತು. ಬರ್ನಿ ಅನುಭವಿಸಿದ್ದನ್ನು ಇವತ್ತು ಯಾರೂ ಅನುಭವಿಸದಿರೋದರ ಹಿಂದೆ ಇಂಥ ಕೆಲಸ ಅದ.

4/8

ರೋಗಿ ಮಲಗಿದಳು, ಸರ್ಜನ್‌ಗೆ ಟೈಮ್ ಸಿಕ್ಕಿತು. ಟೈಮ್ ಸಿಕ್ಕ ಮೇಲೆ ಆಪರೇಷನ್ ದೊಡ್ಡದಾಗ್ತಾ ಹೋಯಿತು.

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ 50 ರೋಗಿಗಳ ಫಲಿತಾಂಶ ಪ್ರಕಟಿಸಿದರು. ಸ್ತನದ ಜೊತೆ ಅದರ ಕೆಳಗಿನ ಎದೆಯ ಸ್ನಾಯು, ಕಂಕುಳದ ಗ್ರಂಥಿಗಳು, ಎಲ್ಲಾ ಒಂದೇ ಸಲ ತೆಗೆಯೋದು ಅವರ ಪದ್ಧತಿ. ಆ ಜಾಗದಲ್ಲೇ ಗಂಟು ಮತ್ತೆ ಬರೋದು ಭಾಳ ಕಮ್ಮಿ ಆಯಿತು. ಅದಕ್ಕ ಮುಂದಿನ 70-80 ವರ್ಷ ಜಗತ್ತೆಲ್ಲಾ ಅದನ್ನೇ ನಂಬಿತು.

ಬೆಲೆ ಕೊಟ್ಟವರು ಹೆಣ್ಣುಮಕ್ಕಳು. ಎದೆ ಗುಳಿ ಬಿದ್ದು ಪಕ್ಕೆಲುಬು ಕಾಣೋದು, ಭುಜ ಮೇಲೆ ಏಳದಿರೋದು, ಕೈಯಲ್ಲಿ ನೀರು ತುಂಬಿ ಊದಿಕೊಳ್ಳೋದು. ಈ ಊತಕ್ಕೆ ಲಿಂಫೆಡೀಮಾ ಅಂತಾರ. ಆ ಜಾಗದಲ್ಲಿ ಪ್ಲಾಸ್ಟಿಕ್ ಸರ್ಜರಿ ಮಾಡೋದಕ್ಕೂ ಹಾಲ್‌ಸ್ಟೆಡ್ ವಿರೋಧ. ರೋಗ ತಿರುಗಿ ಬಂದರೆ ಮುಚ್ಚಿಹೋದೀತು ಅನ್ನೋ ಭಯ.

1971ರಲ್ಲಿ ಬರ್ನಾರ್ಡ್ ಫಿಶರ್ ತಂಡ ಬೇರೆ ಬೇರೆ ಚಿಕಿತ್ಸೆಗಳನ್ನು ಹೋಲಿಸುವ ದೊಡ್ಡ ಪರೀಕ್ಷೆ ಶುರು ಮಾಡಿತು. 2002ರಲ್ಲಿ 25 ವರ್ಷದ ಲೆಕ್ಕ ಹೊರಗೆ ಬಂತು. ಸ್ನಾಯು ಕಿತ್ತು ಮಾಡಿದ ದೊಡ್ಡ ಆಪರೇಷನ್‌ನಿಂದ ಆಯಸ್ಸು ಹೆಚ್ಚಿಗಿ ಸಿಗಲಿಲ್ಲ. ಇಟಲಿಯ ಉಂಬರ್ಟೊ ವೆರೊನೆಸಿ 1981ರಲ್ಲೇ ಸಣ್ಣ ಗಂಟಿಗೆ ಸ್ತನ ಉಳಿಸಿಯೂ ಚಿಕಿತ್ಸೆ ಮಾಡಬಹುದು ಅಂತ ತೋರಿಸಿದ್ದರು. ಇವತ್ತು ಸ್ನಾಯು ಉಳಿಸಿ ಆಪರೇಷನ್ ಮಾಡ್ತಾರ. ಇಂಪ್ಲಾಂಟ್ ಇಡೋಕೆ ಜಾಗ ಅಂತ ಒಂದು ಇರೋದು ಅದರಿಂದಲೇ.

5/8

ಚೇತರಿಕೆ ಅನ್ನೋದನ್ನ ಒಂದು ಕೆಲಸ ಅಂತ ಮೊದಲು ಹಿಡಿದವರು ರೋಗಿಗಳು. 1952ರಲ್ಲಿ ನ್ಯೂಯಾರ್ಕ್‌ನ ಟೆರೀಸ್ ಲ್ಯಾಸರ್‌ಗೆ ಮಸ್ಟೆಕ್ಟಮಿ ಆಯಿತು. ಮನೀಗೆ ಹೋದ ಮೇಲೆ ಕೈ ಹೆಂಗ ಎತ್ತಬೇಕು, ಬಟ್ಟೆ ಏನು ಹಾಕ್ಕೊಬೇಕು, ಯಾರೂ ಹೇಳಲಿಲ್ಲ. ಆಕೆ ತಾನೇ ಕಲಿತು, ಬೇರೆ ರೋಗಿಗಳ ಹಾಸಿಗೆ ಪಕ್ಕಕ್ಕೆ ಹೋಗಿ ಕಲಿಸತೊಡಗಿದಳು. ಕೈಚೀಲದಲ್ಲಿ ಒಂದು ಹಗ್ಗ, ಒಂದು ರಬ್ಬರ್ ಚೆಂಡು, ತಾತ್ಪೂರ್ತಿಕ ಹತ್ತಿಯಂಥ ಒಂದು ಕೃತಕ ಸ್ತನ. ಬೆರಳಿನಿಂದ ಗೋಡೆ ಹತ್ತುವ ವ್ಯಾಯಾಮ. 'ರೀಚ್ ಟು ರಿಕವರಿ' ಎಂಬ ಈ ಕೆಲಸವನ್ನು ಅಮೆರಿಕನ್ ಕ್ಯಾನ್ಸರ್ ಸೊಸೈಟಿ 1969ರಲ್ಲಿ ತನ್ನದಾಗಿ ಮಾಡಿಕೊಂಡಿತು.

ಇನ್ನೊಬ್ಬಾಕಿ ನಿಮಗೆ ಗೊತ್ತಿರೋ ಬಾರ್ಬಿ ಗೊಂಬೆ ಹುಟ್ಟಿಸಿದ ರೂತ್ ಹ್ಯಾಂಡ್ಲರ್. 1970ರಲ್ಲಿ ಆಕೆಗೂ ಮಸ್ಟೆಕ್ಟಮಿ ಆಯಿತು. ಅಂಗಡಿಯಲ್ಲಿ ಸಿಕ್ಕ ಕೃತಕ ಸ್ತನ ಚಂದ ಇರಲಿಲ್ಲ ಅಂತ ತಾನೇ 'ನಿಯರ್ಲಿ ಮಿ' ಅನ್ನೋ ಕಂಪನಿ ಕಟ್ಟಿದಳು. ಬಿಕಾಂ ಮಂದಿ ನೋಡ್ರಿ, ಗಿರಾಕಿಯ ಅಡಚಣೆ ಗೊತ್ತಿದ್ದಾಕಿ ಕಟ್ಟಿದ ಧಂಧಾ ಇದು.

ನಮ್ಮ ಓಣಿಯ ಒಬ್ಬ ಕಾಕುಗೆ ಈ ಆಪರೇಷನ್ ಆಗ್ಯಾದ. (ಆಕೀನ್ನ ಕೇಳೇ ಬರೀಲತ್ತೀನಿ, ಹೆಸರು ಬ್ಯಾಡ ಅಂದಾಳ.) ಡಾಕ್ಟರ್‌ಗೆ ಆಕಿ ಕೇಳಿದ ಮೊದಲ ಪ್ರಶ್ನಿ: "ರೊಟ್ಟಿ ಬಡಿಯಾಕ ಯಾವಾಗಿಂದ ಬರ್ತದರೀ?" ಜ್ವಾಳದ ರೊಟ್ಟಿ ಬಡಿಯೋದು ಅಂದ್ರ ಭುಜ, ಎದಿ, ಮುಂಗೈ ಎಲ್ಲಾ ಕೂಡಿ ಮಾಡೋ ಕೆಲಸ. ಫಿಸಿಯೋಥೆರಪಿ ಹೇಳಿಕೊಟ್ಟಾಕಿ ನಗಲಿಲ್ಲ, ಅದನ್ನೇ ಗುರಿ ಅಂತ ಬರಕೊಂಡಳು. ಮೊದಲು ಗೋಡೆ, ಆಮೇಲೆ ತಲಿ ಬಾಚೋದು, ಕಡೀಕ ರೊಟ್ಟಿ.

6/8

ಈಗ ಇಂಪ್ಲಾಂಟ್ ಕಥಿ. 1895ರಲ್ಲಿ ಜರ್ಮನಿಯ ವಿನ್ಸೆಂಜ್ ಚೆರ್ನಿ ಒಬ್ಬ ಗಾಯಕಿಯ ಸ್ತನ ತೆಗೆದ ಜಾಗಕ್ಕೆ ಆಕೆಯದೇ ಮೈಯಲ್ಲಿದ್ದ ಕೊಬ್ಬಿನ ಗಡ್ಡೆ ಇಟ್ಟರು. 1906ರಲ್ಲಿ ಇಟಲಿಯ ತಾನ್ಸಿನಿ ಬೆನ್ನಿನ ಸ್ನಾಯುವನ್ನು ಮುಂದಕ್ಕೆ ತಿರುಗಿಸಿ ಎದೆ ಮುಚ್ಚಿದರು. ಹಾಲ್‌ಸ್ಟೆಡ್ ಹವಾದಲ್ಲಿ ಇದನ್ನು ಎಲ್ಲರೂ ಮರೆತರು, 1970ರ ದಶಕದಲ್ಲಿ ಮತ್ತೆ ಹುಡುಕಿ ತೆಗೆದರು.

1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಕ್ರೋನಿನ್ ಮತ್ತು ಗೆರೋ ಮೊದಲ ಸಿಲಿಕೋನ್ ಇಂಪ್ಲಾಂಟ್ ಇಟ್ಟರು. ಟಿಮ್ಮಿ ಜೀನ್ ಲಿಂಡ್ಸೆ ಎಂಬ ಆ ಮಹಿಳೆಗೆ ಕ್ಯಾನ್ಸರ್ ಇರಲೇ ಇಲ್ಲ. ಆಕೆ ಆಸ್ಪತ್ರೆಗೆ ಬಂದದ್ದು ಹಚ್ಚೆ ತೆಗೆಸಿಕೊಳ್ಳೋದಕ್ಕೆ! ಕ್ಯಾನ್ಸರ್ ರೋಗಿಗಳಿಗೆ ಇದರ ಉಪಯೋಗ ಬೆಳೆದದ್ದು 1970ರ ನಂತರ.

ಆಮೇಲೆ ಚೆಡೋಮಿರ್ ರಾಡೋವಾನ್ ಎಂಬ ಸರ್ಜನ್ 'ಎಕ್ಸ್‌ಪ್ಯಾಂಡರ್' ತಂದರು. ಖಾಲಿ ಚೀಲ ಒಳಗೆ ಇಟ್ಟು, ಗಾಯ ಮಾಗಿದ ಮೇಲೆ ಕೆಲವು ವಾರಗಳಲ್ಲಿ ಸೂಜಿಯಿಂದ ಸ್ವಲ್ಪ ಸ್ವಲ್ಪ ಉಪ್ಪುನೀರು ತುಂಬುತ್ತಾರೆ. ಚರ್ಮ ನಿಧಾನಕ್ಕೆ ಹಿಗ್ಗುತ್ತದೆ. ಬಳಿಕ ಎರಡನೇ ಆಪರೇಷನ್‌ನಲ್ಲಿ ಕಾಯಂ ಇಂಪ್ಲಾಂಟ್.

ಚೇತರಿಕೆ ಹೆಂಗಿರ್ತದ? ಮೊದಲ ದಿನಗಳಲ್ಲಿ ಪಕ್ಕದಿಂದ ಡ್ರೈನ್ ನಳಿಗೆ, ಅದರಾಗ ಬಂದ ನೀರು ಅಳೆದು ಬರೆದಿಡಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಭಾರ ಎತ್ತಬಾರದು. ಅಂದ್ರ ಕೊಡ ಇಲ್ಲ, ಗ್ಯಾಸ್ ಸಿಲಿಂಡರ್ ಇಲ್ಲ, ಮೊಮ್ಮಗನ್ನ ಎತ್ತೋದೂ ಇಲ್ಲ. ನೀರು ತುಂಬಿದ ದಿನ ಎದೆ ಬಿಗೀತದ. ಆಕಾರ ಬಂದರೂ ಸ್ಪರ್ಶ ಹೆಚ್ಚಾಗಿ ಮೊದಲಿನಂಗ ಬರೋದಿಲ್ಲ. ಜ್ವರ, ಕೆಂಪು, ಕೀವು ಕಂಡರೆ ಅವತ್ತೇ ದವಾಖಾನಿಗೆ ಹೋಗಬೇಕು.

7/8

ಇಂಪ್ಲಾಂಟ್‌ನ ಇತಿಹಾಸದಾಗ ಲೆಕ್ಕಪರಿಶೋಧನೆಗೂ ಜಾಗ ಅದ. 30 ವರ್ಷ ಮಾರಾಟ ಆದ ಮೇಲೆ, 1992ರಲ್ಲಿ ಅಮೆರಿಕದ ಎಫ್‌ಡಿಎ ಸಿಲಿಕೋನ್ ಜೆಲ್ ಇಂಪ್ಲಾಂಟ್‌ಗೆ ತಡೆ ಹಾಕಿತು, ಕಾರಣ ಸುರಕ್ಷತೆಗೆ ಸಾಕಷ್ಟು ಪುರಾವೆ ಇರಲಿಲ್ಲ. ಮರುನಿರ್ಮಾಣದ ರೋಗಿಗಳಿಗೆ ಮಾತ್ರ ಅಧ್ಯಯನದ ಅಡಿ ಬಿಟ್ಟರು. ಕೋರ್ಟ್ ಕೇಸ್‌ಗಳ ಭಾರಕ್ಕೆ ಡೌ ಕಾರ್ನಿಂಗ್ ಕಂಪನಿ 1995ರಲ್ಲಿ ದಿವಾಳಿ ಅರ್ಜಿ ಹಾಕಿತು. 1999ರ ತಜ್ಞರ ವರದಿ ಹೇಳಿದ್ದು: ಇಡೀ ದೇಹಕ್ಕೆ ರೋಗ ಬರ್ತದ ಅನ್ನೋದಕ್ಕೆ ಪುರಾವೆ ಸಿಕ್ಕಿಲ್ಲ, ಆದರ ಒಡೆಯೋದು, ಸುತ್ತಲಿನ ಪೊರೆ ಬಿಗಿದು ಗಟ್ಟಿಯಾಗೋದು ನಿಜವಾದ ತೊಂದರೆ. 2006ರಲ್ಲಿ ಮತ್ತೆ ಅನುಮತಿ ಸಿಕ್ಕಿತು.

ಫ್ರಾನ್ಸ್‌ನ ಪಿಐಪಿ ಕಂಪನಿ ಅಗ್ಗದ ಕೈಗಾರಿಕಾ ಸಿಲಿಕೋನ್ ತುಂಬಿದ್ದು 2010ರಲ್ಲಿ ಬಯಲಾಯಿತು, 2013ರಲ್ಲಿ ಮಾಲೀಕನಿಗೆ ಜೈಲು ಶಿಕ್ಷೆ ಆಯಿತು. 2019ರಲ್ಲಿ ಒರಟು ಮೇಲ್ಮೈಯ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಅಲರ್ಗನ್ ಜಗತ್ತಿನಾದ್ಯಂತ ವಾಪಸ್ ಪಡೆಯಿತು, ಅಪರೂಪದ ಒಂದು ಲಿಂಫೋಮಾ ಕ್ಯಾನ್ಸರ್ ಜೊತೆ ನಂಟು ಕಂಡಿದ್ದಕ್ಕೆ. ಅದಕ್ಕ ಇಂಪ್ಲಾಂಟ್‌ನ ಕಂಪನಿ, ಮಾಡೆಲ್, ಸೀರಿಯಲ್ ನಂಬರ್ ಇರೋ ಕಾರ್ಡ್ ಕೇಳಿ ಇಸ್ಕೊಂಡು ಜೋಪಾನ ಇಡ್ರಿ. ಮತ್ತ ಇಂಪ್ಲಾಂಟ್ ಜೀವನಪರ್ಯಂತ ಬಾಳೋ ಗ್ಯಾರಂಟಿ ಇಲ್ಲ, ಮುಂದೆ ಬದಲಿಸಬೇಕಾಗಬಹುದು.

ರೊಕ್ಕದ ಮಾತು. ಅಮೆರಿಕದಲ್ಲಿ 1998ರ ಕಾಯ್ದೆ ಪ್ರಕಾರ, ಮಸ್ಟೆಕ್ಟಮಿಗೆ ಹಣ ಕೊಡುವ ಇನ್ಶೂರೆನ್ಸ್ ಮರುನಿರ್ಮಾಣಕ್ಕೂ ಕೊಡಲೇಬೇಕು. ನಮ್ಮಲ್ಲಿ? ಕಾಕುಗೆ ಒಬ್ಬ ಏಜೆಂಟ್ "ಅದು ಬ್ಯೂಟಿ ಆಪರೇಷನ್, ಬರಂಗಿಲ್ಲ" ಅಂದುಬಿಟ್ಟಿದ್ದ. ನಾ ಪಾಲಿಸಿ ತಗದು ಓದಿದೆ. ಐಆರ್‌ಡಿಎಐ 2019ರಲ್ಲಿ ಎಲ್ಲಾ ಆರೋಗ್ಯ ಪಾಲಿಸಿಗೂ ಒಂದೇ ಥರದ ಹೊರಗಿಡುವ ಷರತ್ತುಗಳ ಭಾಷೆ ಮಾಡಿತು. ಅದರಾಗ ಎಂಟನೆಯದು ಕಾಸ್ಮೆಟಿಕ್, ಪ್ಲಾಸ್ಟಿಕ್ ಸರ್ಜರಿಯದು. ಅದು ಇವನ್ನು ಹೊರಗಿಡ್ತದ, ಆದರ ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರದ ಮರುನಿರ್ಮಾಣವನ್ನು ಹೊರಗಿಡೋದಿಲ್ಲ. ಕಾಯುವ ಅವಧಿ, ಮಿತಿ ಇವೆಲ್ಲಾ ಬೇರೆ ಇರ್ತಾವ, ಆದರ "ಬ್ಯೂಟಿ" ಅನ್ನೋ ಒಂದೇ ಮಾತಿಗೆ ಅರ್ಜಿ ಹಾಕದೆ ಕೂಡಬ್ಯಾಡ್ರಿ. ಲಿಖಿತ ಉತ್ತರ ಕೇಳ್ರಿ.

8/8

ಕಡೀ ಭಾಗ. ನಮ್ಮ ಮಂದಿ ಎಲ್ಲಿಗೆ ಹೋದರು? ಹೈದರಾಬಾದಿನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ ಶುರುವಾದದ್ದು 1955ರಲ್ಲಿ, ಆವಾಗ ಬೀದರ್ ಇನ್ನೂ ಹೈದರಾಬಾದ್ ರಾಜ್ಯದಾಗ ಇತ್ತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕ ಬಂದೆವು, ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಬಂತು. ರಾಜ್ಯ ಬದಲಾಯಿತು, ದಾರಿ ಬದಲಾಗಲಿಲ್ಲ. ಇವತ್ತಿಗೂ ಗಂಟು ಅಂದ ಕೂಡಲೇ ಭಾಳ ಮನಿಯಾಗ ಹೈದರಾಬಾದ್ ಬಸ್ಸೇ ನೆನಪಾಗ್ತದ. ಕಿದ್ವಾಯಿಯ ಶಾಖೆ ಕಲಬುರಗಿಯಲ್ಲಿ ಅದ, 2017ರಿಂದ ಬೀದರ್–ಕಲಬುರಗಿ ರೈಲೂ ಅದ.

ಕನ್ನಡದಾಗ ಈ ಅನುಭವ ಬರೆದವರೂ ಇದ್ದಾರ. ಬಿ.ವಿ. ಭಾರತಿ ಅವರ 'ಸಾಸಿವೆ ತಂದವಳು' ಸ್ತನ ಕ್ಯಾನ್ಸರ್ ದಾಟಿ ಬಂದ ಕಥನ. ಬರ್ನಿ ಪತ್ರದಂಗ ಇದೂ ರೋಗಿಯೇ ಬರೆದ ಇತಿಹಾಸ. ಲೈಬ್ರರಿಯಾಗ ಹುಡುಕ್ರಿ.

ಆಪರೇಷನ್‌ಗೆ ಮೊದಲೇ ಕೇಳಬೇಕಾದ ಪ್ರಶ್ನಿಗಳು, ಸೇವ್ ಮಾಡ್ಕೊಳ್ರಿ:
▪️ ಸ್ತನ ಉಳಿಸಿ ಚಿಕಿತ್ಸೆ ಮಾಡಾಕ ಬರ್ತದೇನು?
▪️ ತೆಗೆಯಲೇಬೇಕಂದ್ರ, ಮರುನಿರ್ಮಾಣ ಅದೇ ದಿನ ಆಗ್ತದೋ, ಆಮೇಲೋ?
▪️ ರೇಡಿಯೇಷನ್ ಅದ ಏನು? (ಇದ್ದರ ಇಂಪ್ಲಾಂಟ್ ಬಿಗಿಯೋ ಸಂಭವ ಹೆಚ್ಚು.)
▪️ ಇಂಪ್ಲಾಂಟ್ ಬ್ಯಾಡಂದ್ರ ಸ್ವಂತ ಮಾಂಸಖಂಡದಿಂದ ಆಗ್ತದೇನು?
▪️ ಕೈ ವ್ಯಾಯಾಮ ಯಾವ ದಿನದಿಂದ?

ಏನೂ ಮಾಡಿಸಿಕೊಳ್ಳದೆ ಹಂಗೇ ಇರ್ತೀನಿ ಅನ್ನೋದೂ ಪೂರ್ತಿ ಸರಿಯಾದ ಉತ್ತರ. ಕಾಕು ಇನ್ನೂ ವಿಚಾರ ಮಾಡ್ಲತ್ತಾಳ. ಮನಿ ಮಂದಿಗೆ ಒಂದೇ ಮಾತು: "ಈ ವಯಸ್ಸಿನಾಗ ಯಾಕ ಬೇಕು" ಅಂತ ಆಕಿಗಿಂತ ಮೊದಲು ನೀವು ಉತ್ತರ ಕೊಡಬ್ಯಾಡ್ರಿ. 1811ರಿಂದ ಇಲ್ಲೀತನಕ ಈ ಇತಿಹಾಸ ಮುಂದಕ್ಕ ಹೋದದ್ದೆಲ್ಲಾ ಹೆಣ್ಣುಮಕ್ಕಳು ತಮ್ಮ ಮೈ ಬಗ್ಗೆ ತಾವೇ ಬಾಯಿ ಬಿಟ್ಟಾಗ.

ಎದಿಯಾಗ ಗಂಟು, ಚರ್ಮ ಒಳಗೆ ಎಳೆದಂಗ, ತೊಟ್ಟಿನಿಂದ ರಕ್ತ ಕಂಡರ ನಾಚಬ್ಯಾಡ್ರಿ, ತಡ ಮಾಡಬ್ಯಾಡ್ರಿ. ಅವ್ವಗ, ಅಜ್ಜಿಗ, ಅತ್ತಿಗ ಇದನ್ನ ಓದಿ ಹೇಳ್ರಿ. ನಾಳೆ ಬಾ ಅಂದ್ರೂ ಇವತ್ತೇ ಒಂದು ಸಲ ಕೇಳ್ರಿ 🎀

#ಬೀದರ್ #ಚಿದ್ರಿ #ಭಾಲ್ಕಿ #ಔರಾದ್ #ಕಲ್ಯಾಣಕರ್ನಾಟಕ #ಇತಿಹಾಸಕನ್ನಡದಾಗ #ಸ್ತನಕ್ಯಾನ್ಸರ್