ನರಿಗೆ ಯಾವ ಬಂದೂಕು?

ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ನೆಲಸಿರುವ ನನ್ನ ಹಳೆಯ ಶಿಷ್ಯನೊಬ್ಬ ಕಳೆದ ತಿಂಗಳು ಒಂದು ಪತ್ರ ಬರೆದಿದ್ದಾನೆ. ಅವನ ನೆರೆಯ ರೈತನದು ಕುರಿ ಸಾಕಣೆ. ಕುರಿಗಳು ಮರಿ ಹಾಕುವ ಕಾಲದಲ್ಲಿ ನರಿಗಳ ಕಾಟ ಹೆಚ್ಚು. 2004ರ ಕಾಯಿದೆಯ ತರುವಾಯ ಅಲ್ಲಿ ನಾಯಿಗಳ ಹಿಂಡನ್ನು ಬಿಟ್ಟು ನರಿಯನ್ನು ಬೇಟೆಯಾಡುವಂತಿಲ್ಲ. ರೈಫಲಿನಿಂದ ಹೊಡೆಯಲು ಅಡ್ಡಿಯಿಲ್ಲ. ಆದ್ದರಿಂದ ಆ ರೈತನಿಗೂ ಅವನ ಗೆಳೆಯರಿಗೂ ಸಂಜೆಯಾದರೆ ಒಂದೇ ಚರ್ಚೆಯಂತೆ: ಪಾಯಿಂಟ್ 223 ಮೇಲೋ, 22-250 ಮೇಲೋ, 243 ಮೇಲೋ? ಕೊನೆಯಲ್ಲಿ ಶಿಷ್ಯ ಕೇಳಿದ್ದಾನೆ: "ಮೇಷ್ಟ್ರೇ, ನಮ್ಮ ಕಡೆ ಕಡಲೆಕಾಯಿ ಹೊಲಕ್ಕೆ ಬರುತ್ತಿದ್ದ ನರಿಗಳಿಗೆ ಯಾವ ಬಂದೂಕು ಇಟ್ಟುಕೊಂಡಿದ್ದರು?"

ಒಂದು ಸಾಲಿನಲ್ಲಿ ಉತ್ತರಿಸಬಹುದಾಗಿತ್ತು. ಆದರೆ ಈ ಪ್ರಶ್ನೆ ನನ್ನ ಹುಡುಗತನದ ಒಂದು ರಾತ್ರಿಯನ್ನು ನೆನಪಿಗೆ ತಂದುದರಿಂದ ಇಲ್ಲಿ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಆ ರೈತನ ಚರ್ಚೆ ಏತಕ್ಕೆಂಬುದನ್ನು ತಿಳಿಯೋಣ. ನಳಿಗೆಯಿಂದ ಹೊರಟ ಗುಂಡು ಎಷ್ಟೇ ಬಲಶಾಲಿಯಾಗಿರಲಿ, ಆ ಕ್ಷಣದಿಂದಲೇ ನೆಲದ ಕಡೆಗೆ ಬೀಳತೊಡಗುತ್ತದೆ. ನಾನು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬಿಡಿಸುತ್ತಿದ್ದ ಲೆಕ್ಕವನ್ನು ನೆನಪಿಸಿಕೊಳ್ಳಿ. ಗಾಳಿಯ ತಡೆಯನ್ನು ಸದ್ಯಕ್ಕೆ ಬಿಟ್ಟುಬಿಡೋಣ. ಸೆಕೆಂಡಿಗೆ 400 ಮೀಟರ್ ವೇಗದ ಗುಂಡು 200 ಮೀಟರ್ ದೂರವನ್ನು ಮುಟ್ಟಲು ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಅದು ಸುಮಾರು ಒಂದೂಕಾಲು ಮೀಟರ್ ಕೆಳಕ್ಕೆ ಬಿದ್ದಿರುತ್ತದೆ. ವೇಗ 1000 ಮೀಟರ್ ಆದರೆ ಒಂದು ಸೆಕೆಂಡಿನ ಐದನೆಯ ಒಂದು ಭಾಗ ಸಾಕು. ಬೀಳುವುದು ಕೇವಲ 20 ಸೆಂಟಿಮೀಟರ್. ನರಿಯ ದೇಹ ಚಿಕ್ಕದು; ದೂರವನ್ನು ಊಹಿಸುವಾಗ ಸ್ವಲ್ಪ ತಪ್ಪಿದರೂ ಗುಂಡು ಗುರಿ ಬಿಡಬಾರದೆಂದರೆ ಅದು ಗೆರೆ ಎಳೆದಂತೆ ಹೋಗಬೇಕು. ಅಮೆರಿಕದ ವಿಂಚೆಸ್ಟರ್ ಕಂಪನಿ 1935ರಲ್ಲಿ 220 ಸ್ವಿಫ್ಟ್ ಎಂಬ ತೋಟಾವನ್ನು ಹೊರತಂದು ಸೆಕೆಂಡಿಗೆ 4000 ಅಡಿಗಳ ವೇಗವನ್ನು ದಾಟಿತು. ಇಂದಿನ 22-250, 243 ಮುಂತಾದುವನ್ನು ನರಿ ಹೊಡೆಯುವವರು ಆರಿಸುವುದೂ ಈ ಗುಣಕ್ಕಾಗಿಯೇ.

ಇನ್ನು ನಮ್ಮ ಸೀಮೆಯ ಕಥೆ. ಮೈಸೂರಿನ ಹೈದರಾಲಿ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ. 1768ರಲ್ಲಿ ಅವನಿಗೂ ಇಂಗ್ಲಿಷರಿಗೂ ಮುಳಬಾಗಿಲಿನ ಬಂಡೆಗಳ ನಡುವೆ ಕಾಳಗವಾಯಿತು. ಬಂದೂಕು ನಮ್ಮವರಿಗೆ ಹೊಸದಲ್ಲ. ತೆಲುಗು ಮನೆಮಾತಿನವರು ಅದನ್ನು ಇಂದಿಗೂ ತುಪಾಕಿ ಎನ್ನುತ್ತಾರೆ. ಆ ಶಬ್ದ ತುರ್ಕಿಯಿಂದ ಹೊರಟು ಹಲವು ಭಾಷೆಗಳನ್ನು ದಾಟಿ ಶ್ರೀನಿವಾಸಪುರದವರೆಗೆ ಬಂದಿದೆ. ಆದರೆ 1878ರ ಶಸ್ತ್ರಾಸ್ತ್ರ ಕಾಯಿದೆಯಿಂದೀಚೆಗೆ ಬಂದೂಕಿಗೆ ಲೈಸೆನ್ಸೇ ಮೊದಲಾಯಿತು. ಕೊಡವರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಬಯಲುಸೀಮೆಯ ರೈತನಿಗೆ ಆ ಭಾಗ್ಯವಿಲ್ಲ.

ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮನ್ನು ಓದಿದರೆ ನನ್ನ ಶಿಷ್ಯನ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ಬೆಳೆಯ ರಕ್ಷಣೆಗೆಂದು ಅದು ಹೆಸರಿಸುವುದು ಬಾಯಿಂದ ಮದ್ದು ತುಂಬುವ ಬಂದೂಕನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, ಒಳಗೆ ತಿರುಪುಗೆರೆಗಳಿಲ್ಲದ, 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಬೇರೆ ಬಂದೂಕಿಗೆ ಲೈಸೆನ್ಸು ಕೊಡಬಹುದು. ರೈಫಲಿನ ಮಾತು ಅಲ್ಲಿಲ್ಲ.

ಹೀಗೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕೆಲವು ಮನೆಗಳಲ್ಲಿದ್ದದ್ದು ಕೇಪಿನ ನಾಡಬಂದೂಕು. ಅನುಕೂಲವಿದ್ದವರ ಮನೆಯಲ್ಲಿ 12 ಬೋರಿನ ಒಂಟಿ ನಳಿಗೆ ಅಥವಾ ಜೋಡು ನಳಿಗೆ. ಈ 12 ಎಂಬುದು ಅಳತೆಯ ಅಂಗುಲವಲ್ಲ. ನಳಿಗೆಯಲ್ಲಿ ಸರಿಯಾಗಿ ಕೂರುವ ಸೀಸದ ಗುಂಡುಗಳು 12 ಸೇರಿದರೆ ಒಂದು ಪೌಂಡು ತೂಗುತ್ತವೆ ಎಂದರ್ಥ. ರೈಫಲಿನಲ್ಲಾದರೆ ಸಂಖ್ಯೆ ಅಂಗುಲದ ಭಾಗವನ್ನು ಹೇಳುತ್ತದೆ. ಪಾಯಿಂಟ್ 315 ಎಂದರೆ 8 ಮಿಲಿಮೀಟರ್. ಈ ಪಾಯಿಂಟ್ 315ಕ್ಕೂ ಒಂದು ಇತಿಹಾಸವಿದೆ. ಸೈನ್ಯದ ಪಾಯಿಂಟ್ 303ರ ತೋಟಾಗಳು ಕಳುವಾಗಿ ಜನರ ಕೈ ಸೇರಬಹುದೆಂಬ ಭಯದಿಂದ ಬ್ರಿಟಿಷರು ಆ ಅಳತೆಯನ್ನು ಖಾಸಗಿಯವರಿಗೆ ನಿಷೇಧಿಸಿದರು. ಸ್ವಾತಂತ್ರ್ಯಾನಂತರವೂ ಆ ನಿಷೇಧ ಉಳಿಯಿತು; ಬಂಗಾಳದ ಇಷಾಪುರದ ಕಾರ್ಖಾನೆ ನಾಗರಿಕರಿಗಾಗಿ ಪಾಯಿಂಟ್ 315 ತಯಾರಿಸಿತು. ಗುಂಡು ಎಷ್ಟು ನೇರ ಹೋಗುತ್ತದೆಂಬುದನ್ನು ನೋಡಿ ಇಲ್ಲಿ ಯಾರೂ ಅಳತೆಯನ್ನು ಆರಿಸಲಿಲ್ಲ; ಸರ್ಕಾರದ ಅಂಜಿಕೆ ಅದನ್ನು ಆರಿಸಿತು.

ಕೆನೆತ್ ಆಂಡರ್ಸನ್ನರ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿದವರು ಅವರ ಪಾಯಿಂಟ್ 405 ವಿಂಚೆಸ್ಟರನ್ನು ಮರೆತಿರಲಾರರು. ಅದು ಹುಲಿ ಚಿರತೆಗಳ ಬಾಬ್ತು. ನರಿಗೆ ಅದನ್ನು ಹಿಡಿಯುವುದೆಂದರೆ ಸೊಳ್ಳೆಗೆ ಒನಕೆ ಎತ್ತಿದಂತೆ.

ನಮ್ಮ ದೊಡ್ಡಪ್ಪನವರಲ್ಲಿ ಇದ್ದದ್ದು ನಾಡಬಂದೂಕು. ಅದನ್ನು ತುಂಬುವುದೇ ಒಂದು ಪೂಜಾವಿಧಿ. ಮದ್ದನ್ನು ಅಳೆದು ನಳಿಗೆಗೆ ಸುರಿಯಬೇಕು, ತೆಂಗಿನ ನಾರನ್ನು ತುರುಕಿ ಗಜದಿಂದ ಜಡಿಯಬೇಕು, ಚರೆ ಹಾಕಬೇಕು, ಮತ್ತೆ ನಾರು, ಕೊನೆಗೆ ಕೇಪು. ಒಂದು ಈಡು ತಪ್ಪಿದರೆ ಇನ್ನೊಂದಕ್ಕೆ ಸಿದ್ಧವಾಗುವಷ್ಟರಲ್ಲಿ ನರಿ ಆಂಧ್ರದ ಗಡಿ ದಾಟಿರುತ್ತಿತ್ತು. ಮೂವತ್ತು ನಲವತ್ತು ಹೆಜ್ಜೆಯ ಆಚೆಗೆ ಅದನ್ನು ನಂಬುವಂತಿರಲಿಲ್ಲ.

ನಾನು ಆಗ ಹೈಸ್ಕೂಲು ಹುಡುಗ. ಕಡಲೆಕಾಯಿ ಬಲಿತಿತ್ತು. ನರಿಗಳು ರಾತ್ರಿ ಬಂದು ಗಿಡವನ್ನು ಕೆದರಿ ಕಾಯಿ ತಿಂದು ಹೋಗುತ್ತಿದ್ದವು. ಆ ವರ್ಷ ಮಳೆ ಕೈಕೊಟ್ಟು ರಾಗಿ ಅಷ್ಟಕ್ಕಷ್ಟೆ. ಸಾಲ ತೀರಬೇಕಾದದ್ದು ಆ ಕಡಲೆಕಾಯಿಯಿಂದಲೇ. ಅಟ್ಟಣೆಯ ಮೇಲೆ ದೊಡ್ಡಪ್ಪ ಬಂದೂಕು ಹಿಡಿದು ಕುಳಿತಿದ್ದರು. ಬ್ಯಾಟರಿ ಹಿಡಿದವನು ನಾನು. ನಡುರಾತ್ರಿ ಮೀರಿದ ಮೇಲೆ ಬದುವಿನ ಅಂಚಿನಲ್ಲಿ ಎರಡು ಕಣ್ಣುಗಳು ಹೊಳೆದವು. ದೊಡ್ಡಪ್ಪ ಬಂದೂಕು ಎತ್ತಿದರು. ಅವರು ತಡಮಾಡಿದಂತೆ ಕಂಡು ನಾನು, "ಹೊಡೀರಿ ದೊಡ್ಡಪ್ಪ, ಹೋಗ್ಬಿಡ್ತದೆ" ಎಂದೆ. ಅವರು ಹೊಡೆಯಲಿಲ್ಲ. ನಳಿಗೆಯನ್ನು ಮೇಲಕ್ಕೆ ತಿರುಗಿಸಿ, "ಯಾರಪ್ಪಾ ಅದು?" ಎಂದು ಕೂಗಿದರು. ಕಣ್ಣುಗಳ ಹಿಂದೆ, ಅದೇ ನೇರದಲ್ಲಿ, ದೂರದ ಕತ್ತಲೆಯಿಂದ ಉತ್ತರ ಬಂತು: "ನೇನೇ ಅನ್ನಾ." ಪಕ್ಕದ ಹೊಲದ ಕಾವಲಿನವನು ಬೀಡಿ ಸೇದುತ್ತ ಕುಳಿತಿದ್ದ. ಬೀಡಿಯ ಕಿಡಿಯನ್ನು ದೊಡ್ಡಪ್ಪ ಕಂಡಿದ್ದರು. ನಾನು ಕಂಡಿರಲಿಲ್ಲ, ನನ್ನ ದೃಷ್ಟಿಯೆಲ್ಲ ನರಿಯ ಮೇಲಿತ್ತು.

ಸಣ್ಣ ಚರೆ ಇನ್ನೂರು ಇನ್ನೂರೈವತ್ತು ಮೀಟರಿನೊಳಗೆ ಶಕ್ತಿಗುಂದಿ ನೆಲಕ್ಕೆ ಬೀಳುತ್ತದೆ. ಅಂದು ಹೊಡೆದಿದ್ದರೂ ಅವನು ಬದುಕುತ್ತಿದ್ದನೇನೋ. ಗೆರೆ ಎಳೆದಂತೆ ಹೋಗುವ ರೈಫಲಾಗಿದ್ದರೆ? ಹಗುರವಾದ ಪಾಯಿಂಟ್ 22ರ ಗುಂಡು ಕೂಡ ಒಂದು ಮೈಲಿಗಿಂತ ಹೆಚ್ಚು ದೂರ ಹೋಗಬಲ್ಲದು. ನಮ್ಮ ಬಯಲಿನಲ್ಲಿ ಒಂದು ಮೈಲಿಯೊಳಗೆ ಯಾರದೋ ಕಣ, ಯಾರದೋ ಕುರಿದೊಡ್ಡಿ, ಒಂದು ಊರು ಇದ್ದೇ ಇರುತ್ತದೆ. ಮೇಲಾಗಿ ಮಾಲೂರಿನ ಟೇಕಲ್ಲಿನಿಂದ ಮುಳಬಾಗಿಲಿನವರೆಗೆ ಎಲ್ಲಿ ನೋಡಿದರೂ ಕರಿಕಲ್ಲು. ಬಂಡೆಗೆ ತಗುಲಿದ ಗುಂಡು ಯಾವ ದಿಕ್ಕಿಗೆ ಚಿಮ್ಮುವುದೆಂದು ಹೇಳುವವರಾರು? ಇಂಗ್ಲೆಂಡಿನ ರೈತನೂ ನರಿಯ ಹಿಂದೆ ಮಣ್ಣಿನ ದಿಬ್ಬ ಇರುವುದನ್ನು ನೋಡಿಕೊಂಡೇ ಹೊಡೆಯುತ್ತಾನಂತೆ. ನಮ್ಮಲ್ಲಿ ಆ ದಿಬ್ಬವನ್ನು ಎಲ್ಲಿಂದ ತರುವುದು? ಕಾಯಿದೆ ಬರೆದವರು ಇದನ್ನು ಆಲೋಚಿಸಿದ್ದರೋ ಅಥವಾ ರೈತನ ಕೈಗೆ ರೈಫಲು ಕೊಡಲು ಅಂಜಿದರೋ ಅವರೇ ಬಲ್ಲರು. ಫಲ ಮಾತ್ರ ಒಳ್ಳೆಯದಾಯಿತೆಂದೇ ನನ್ನ ಅಭಿಪ್ರಾಯ.

ಆ ರಾತ್ರಿಯ ನಂತರ ದೊಡ್ಡಪ್ಪ ಬಂದೂಕಿಗೆ ಚರೆ ಹಾಕಿದ್ದನ್ನು ನಾನು ಕಾಣೆ. ಬರಿಯ ಮದ್ದು ತುಂಬಿ ಆಕಾಶಕ್ಕೆ ಈಡು ಹಾರಿಸುತ್ತಿದ್ದರು. ತಮಟೆ, ಸೀಮೆಎಣ್ಣೆಯ ಖಾಲಿ ಡಬ್ಬ, ಕವಣೆ ಜೊತೆಗಿದ್ದವು. ಆ ವರ್ಷ ಕಾಯಿ ನಷ್ಟವಾಯಿತೇ ಎಂದರೆ, ಆಯಿತು.

ನರಿಯ ಬಗ್ಗೆಯೂ ಒಂದು ಮಾತು. ನಾವು ನರಿ ಎಂಬ ಒಂದೇ ಹೆಸರಿನಲ್ಲಿ ಎರಡು ಪ್ರಾಣಿಗಳನ್ನು ಬೈಯುತ್ತೇವೆ. ಗುಂಪಾಗಿ ಊಳಿಡುವ ದೊಡ್ಡದು ಎಂಟು ಹತ್ತು ಕಿಲೋ ತೂಗುತ್ತದೆ. ಕಡಲೆಕಾಯಿ, ಕಬ್ಬು, ಕಲ್ಲಂಗಡಿ ತಿನ್ನುವುದು ಅದೇ. ಬಾಲದ ತುದಿ ಕಪ್ಪಾಗಿರುವ, ಬಿಲದಲ್ಲಿ ವಾಸಿಸುವ ಚಿಕ್ಕ ನರಿ ಎರಡು ಮೂರು ಕಿಲೋದ ಬಡಪಾಯಿ. ಅದರ ಆಹಾರ ಹೆಚ್ಚಾಗಿ ಇಲಿ, ಹುಳು, ಹಣ್ಣು. ದೊಡ್ಡ ನರಿಯೂ ಇಲಿ ಹಿಡಿಯುತ್ತದೆ. 1972ರ ವನ್ಯಜೀವಿ ಕಾಯಿದೆ ಆರಂಭದಲ್ಲಿ ಇವೆರಡನ್ನೂ ಕಾಗೆ, ಇಲಿ, ಬಾವಲಿಗಳ ಜೊತೆ ಉಪದ್ರವಕಾರಿಗಳ ಪಟ್ಟಿಯಲ್ಲಿಟ್ಟಿತ್ತು. ಮುಂದೆ ತೆಗೆದು ರಕ್ಷಿತ ಪ್ರಾಣಿಗಳ ಪಟ್ಟಿಗೆ ಸೇರಿಸಿದರು. 2022ರ ತಿದ್ದುಪಡಿಯಲ್ಲಿ ಆ ಉಪದ್ರವಕಾರಿಗಳ ಅನುಸೂಚಿಯೇ ಹೋಯಿತು. ಇಂದು ಬಂದೂಕಿಗೆ ಲೈಸೆನ್ಸು ಇದ್ದರೂ ನರಿಗೆ ಗುಂಡು ಹಾರಿಸುವುದು ಅಪರಾಧ.

ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಮಕ್ಕಳು ಬಂದೂಕನ್ನು ಸರ್ಕಾರಕ್ಕೆ ಒಪ್ಪಿಸಿಬಿಟ್ಟರು. ಪ್ರತಿ ಚುನಾವಣೆಗೂ ಅದನ್ನು ಹೊತ್ತು ಠಾಣೆಗೆ ಹೋಗಿ ಇಟ್ಟು, ಮತ್ತೆ ಬಿಡಿಸಿಕೊಂಡು ಬರುವುದು ಅವರಿಗೆ ಸಾಕಾಗಿತ್ತು. ಗಜ ಮಾತ್ರ ಹೇಗೋ ಮನೆಯಲ್ಲಿ ಉಳಿದುಕೊಂಡಿದೆ. ಮಾಲೂರು, ಮುಳಬಾಗಿಲು ಕಡೆಯ ಶಿಷ್ಯರಲ್ಲಿ ಯಾರ ಮನೆಯಲ್ಲಾದರೂ ಹೊಲ ಕಾಯುವ ಬಂದೂಕಿದ್ದರೆ, ಅದರ ಕಥೆಯನ್ನು ಬರೆದು ತಿಳಿಸಿದರೆ ಸಂತೋಷಪಡುತ್ತೇನೆ.