ಕಡ್ಡಿ ತುಂಬುವ ಕೈಗಳು ಕೆಲಸ ನಿಲ್ಲಿಸಿದಾಗ

ಬೆಂಕಿಪೊಟ್ಟಣದಲ್ಲಿ ನಾಲ್ಕು ಕಡ್ಡಿ ಕಡಿಮೆ ಬಿದ್ದರೆ ಅಂಗಡಿಯವನೊಡನೆ ಜಗಳಕ್ಕೆ ನಿಲ್ಲುವವರುಂಟು. ಅವನ್ನು ಅಲ್ಲಿ ತುಂಬಿದವರು ಯಾರು ಎಂದು ಕೇಳುವವರು ಅಪರೂಪ. 1888ರ ಬೇಸಿಗೆಯಲ್ಲಿ ಲಂಡನ್ ನಗರ ಆ ಪ್ರಶ್ನೆ ಕೇಳಲೇಬೇಕಾಯಿತು.

ನಗರದ ಪೂರ್ವಭಾಗದ ಬೋ ಎಂಬಲ್ಲಿ ಬ್ರಯಂಟ್ ಅಂಡ್ ಮೇ ಕಂಪೆನಿಯ ಬೆಂಕಿಕಡ್ಡಿ ಕಾರ್ಖಾನೆಯಿತ್ತು. ದುಡಿಯುತ್ತಿದ್ದವರಲ್ಲಿ ಬಹುಪಾಲು ಹೆಂಗಸರು, ಹದಿಹರೆಯದ ಹುಡುಗಿಯರು. ಮದ್ದು ಹಚ್ಚಿದ ಕಡ್ಡಿಗಳನ್ನು ಚೌಕಟ್ಟಿನಿಂದ ಬಿಡಿಸಿ ಪೊಟ್ಟಣಕ್ಕೆ ಹಾಕುವುದು ಅಲ್ಲಿಯ ಒಂದು ಕೆಲಸ. ಚೌಕಟ್ಟೊಂದಕ್ಕೆ ಅರ್ಧ ಪೆನ್ನಿ. ತಾಸಿಗೆ ಸುಮಾರು ಮೂರು ಚೌಕಟ್ಟು ಮುಗಿಯುತ್ತಿತ್ತು. ಒಮ್ಮೆಗೆ ಒಂದನ್ನೇ ಕೊಡುತ್ತಿದ್ದುದರಿಂದ ಪ್ರತಿ ಸಲವೂ ಮೆಟ್ಟಿಲು ಇಳಿದು ಹತ್ತಬೇಕು. ಕೈಯಲ್ಲಿರುವಾಗಲೇ ಕಡ್ಡಿಗಳು ಹೊತ್ತಿಕೊಂಡರೆ ಮಾಡಿದ ಕೆಲಸ ನಷ್ಟ, ಚೌಕಟ್ಟು ಕೆಟ್ಟರೆ ದಂಡ ಬೇರೆ. ಒಂದು ಗ್ರೋಸ್, ಅಂದರೆ 144 ಪೊಟ್ಟಣ ತುಂಬುವವರಿಗೆ ಸಿಗುತ್ತಿದ್ದುದು ಮುಕ್ಕಾಲು ಪೆನ್ನಿ. ವಾರವಿಡೀ ನಿಂತು ದುಡಿದರೂ ಅನೇಕರ ಕೈಗೆ ಬರುತ್ತಿದ್ದುದು ನಾಲ್ಕೈದು ಷಿಲ್ಲಿಂಗು. ಷಿಲ್ಲಿಂಗಿಗೆ ಹನ್ನೆರಡು ಪೆನ್ಸ್ ಎಂಬುದನ್ನು ಓದುಗರು ನೆನಪಿಡಬೇಕು.

ಅಷ್ಟಾದರೂ ಪೂರ್ತಿ ಸಿಗುತ್ತಿತ್ತೇ? ಕಾಲು ಕೊಳೆಯಾಗಿದ್ದರೆ ಮೂರು ಪೆನ್ಸ್ ದಂಡ. ಹೊಸ ಚೌಕಟ್ಟು ತರಲು ಹೋದಾಗ ಬೆಂಚಿನ ಮೇಲೆ ನಾಲ್ಕೈದು ಕಡ್ಡಿ ಉಳಿದಿದ್ದರೆ ಮೂರು ಪೆನ್ಸ್. ಕೆಲವು ವಿಭಾಗಗಳಲ್ಲಿ ಮಾತಾಡಿದರೂ ಅಷ್ಟೇ. ಬೆಳಿಗ್ಗೆ ತಡವಾಗಿ ಬಂದವಳನ್ನು ಅರ್ಧ ದಿನ ಹೊರಗಿಟ್ಟು, ಎಂಟು ಪೆನ್ಸ್ ದಿನಗೂಲಿಯಲ್ಲಿ ಐದನ್ನು ಮುರಿದುಕೊಳ್ಳುತ್ತಿದ್ದರು. ಇದೇ ಕಂಪೆನಿ ತನ್ನ ಷೇರುದಾರರಿಗೆ ಶೇಕಡಾ 23ರಷ್ಟು ಲಾಭಾಂಶ ಹಂಚಿತ್ತು.

ಈ ವಿವರಗಳನ್ನು 1888ರ ಜೂನ್ 23ರಂದು 'ದಿ ಲಿಂಕ್' ಪತ್ರಿಕೆಯಲ್ಲಿ ಬಯಲಿಗೆ ತಂದವರು ಆನಿ ಬೆಸೆಂಟ್. ಮುಂದೆ ಹೋಂ ರೂಲ್ ಚಳವಳಿ ನಡೆಸಿದ, 1917ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿನ ಸ್ಥಾಪನೆಗೆ ಕಾರಣರಾದ ಬೆಸೆಂಟರೇ ಇವರು. ಮುಷ್ಕರಕ್ಕೆ ಕರೆ ಕೊಟ್ಟವರೂ ಅವರೇ ಎಂದು ಎಷ್ಟೋ ಕಡೆ ಬರೆದಿರುವುದುಂಟು. ಅದು ಸರಿಯಲ್ಲ. ಬೆಸೆಂಟ್ ಬರೆದದ್ದು ಸುಳ್ಳೆಂಬ ಹೇಳಿಕೆಗೆ ಸಹಿ ಹಾಕಿರೆಂದು ಮೇಲಿನವರು ಒತ್ತಾಯಿಸಿದಾಗ ಹೆಂಗಸರು ಒಪ್ಪಲಿಲ್ಲ. ಒಬ್ಬಳನ್ನು ಕೆಲಸದಿಂದ ತೆಗೆದದ್ದೇ ತಡ, ಜುಲೈ ಮೊದಲ ವಾರದಲ್ಲಿ ಸುಮಾರು 1,400 ಮಂದಿ ಹೊರನಡೆದರು. ಬೆಸೆಂಟರ ಕಚೇರಿ ಹುಡುಕಿಕೊಂಡು ಹೋದದ್ದು ಆಮೇಲೆ. ಮುಷ್ಕರ ಸಮಿತಿಯಲ್ಲಿದ್ದ ಸಾರಾ ಚಾಪ್‌ಮನ್ 1945ರಲ್ಲಿ ತೀರಿಕೊಂಡಾಗ ಆಕೆಯ ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ.

ಜುಲೈ 17ರಂದು ರಾಜಿಯಾಯಿತು. ದಂಡಗಳು ರದ್ದಾದವು. ಪ್ಯಾಕ್ ಮಾಡುವವರಿಗೆ ತಪ್ಪಿಹೋಗಿದ್ದ ಮೂರು ಪೆನ್ಸ್ ಮರಳಿ ಸಿಗಬೇಕೆಂದು ಒಪ್ಪಂದದಲ್ಲೇ ಬರೆಯಲಾಯಿತು. ಕೆಲಸದ ಜಾಗದಲ್ಲೇ ತಿನ್ನುವುದು ತಪ್ಪಲೆಂದು ಉಪಾಹಾರಕ್ಕೆ ಬೇರೆ ಕೋಣೆಯ ಭರವಸೆ ದೊರೆಯಿತು. ಇದು ಸಣ್ಣ ಮಾತಲ್ಲ. ಕಡ್ಡಿಯ ಮದ್ದಿನಲ್ಲಿದ್ದ ಬಿಳಿ ರಂಜಕ ಕಾರ್ಮಿಕರ ದವಡೆಯ ಮೂಳೆಯನ್ನೇ ಕೊಳೆಯಿಸುತ್ತಿತ್ತು.

ಕೋಣೆ ಬಂತು, ರಂಜಕ ಹೋಗಲಿಲ್ಲ. ದವಡೆ ರೋಗದ ಪ್ರಕರಣಗಳನ್ನು ಸರಕಾರಕ್ಕೆ ತಿಳಿಸದೆ ಮುಚ್ಚಿಟ್ಟದ್ದಕ್ಕಾಗಿ 1898ರಲ್ಲಿ ಕಂಪೆನಿಗೆ ಬಿದ್ದ ದಂಡ ಬರೀ 25 ಪೌಂಡು. ಬಿಳಿ ರಂಜಕವನ್ನು ಅದು ಕೈಬಿಟ್ಟದ್ದು 1901ರಲ್ಲಿ. ಬ್ರಿಟನ್ನಿನಲ್ಲಿ ಅದರ ಬಳಕೆಯನ್ನು ತಡೆಯುವ ಕಾನೂನು ಜಾರಿಗೆ ಬಂದದ್ದು 1910ರಲ್ಲಿ.